ಸೊಂಟನೋವಿನ ಮಾತ್ರೆ, ನಡುಗುವ ಕೈ

ಕಾಫಿ ಕೊಯ್ಲು ಶುರುವಾಯಿತೆಂದರೆ ಚಿಕ್ಕಮಗಳೂರು ಸುತ್ತಮುತ್ತಲಿನ ಹೆಂಗಸರಿಗೆ ಸೊಂಟ, ಕತ್ತು, ಮಂಡಿ ಎಲ್ಲವೂ ಒಟ್ಟಿಗೇ ಹಿಡಿದುಕೊಳ್ಳುತ್ತವೆ. ದಿನವಿಡೀ ಇಳಿಜಾರಿನಲ್ಲಿ ನಿಂತು, ಕೊಂಬೆ ಬಗ್ಗಿಸಿ ಹಣ್ಣು ಬಿಡಿಸಬೇಕು. ಸಂಜೆ ಮನೆಗೆ ಬಂದರೆ ಅಡುಗೆ, ಪಾತ್ರೆ ಬೇರೆ. ಮಾಮೂಲಿ ಮಾತ್ರೆಗೆ ನೋವು ಬಗ್ಗದಿದ್ದಾಗ "ಸ್ವಲ್ಪ ಪವರ್ ಜಾಸ್ತಿ ಇರೋದು ಕೊಡಿ" ಅನ್ನುತ್ತಾರೆ. ಹಾಗೆ ಬರೆದುಕೊಡುವ ಮಾತ್ರೆಗಳಲ್ಲಿ ಟ್ರಮಡಾಲ್ ಒಂದು. ಇದು ಮಾರ್ಫಿನ್ ಗುಂಪಿಗೆ, ಅಂದರೆ ಒಪಿಯಾಯ್ಡ್ ಗುಂಪಿಗೆ ಸೇರಿದ್ದು. ಪ್ಯಾರಸಿಟಮಾಲ್ ಜೊತೆ ಒಂದೇ ಮಾತ್ರೆಯಲ್ಲಿ ಬರುವುದೂ ಉಂಟು. ಹಾಗಾಗಿ ನುಂಗುವವರಿಗೆ ಇದರ ಜಾತಿ ಗೊತ್ತೇ ಇರುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ತಂದದ್ದು ಸುಮ್ನೆ ಅಲ್ಲ.

ಮಲಬದ್ಧತೆ, ತೂಕಡಿಕೆ, ವಾಕರಿಕೆ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೈಕಾಲಿನ ಚಲನೆ ಕೆಡಬಹುದು ಎಂದು ಹೇಳುವವರು ಕಡಿಮೆ.

ಆಲ್ದೂರು ಕಡೆಯಿಂದ ಐವತ್ತು ದಾಟಿದ ಹೆಂಗಸೊಬ್ಬರು ಬಂದಿದ್ದರು. "ಕೈ ನಡುಗುತ್ತೆ ಡಾಕ್ಟ್ರಮ್ಮ, ಸಾರು ಬಡಿಸೋಕೆ ಸೌಟು ಹಿಡಿದ್ರೆ ಚೆಲ್ಲುತ್ತೆ" ಎಂದರು. ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಕಣ್ಣು ಮಿಟುಕಿಸುವುದು ಕಡಿಮೆಯಾಗಿತ್ತು. ಪಾರ್ಕಿನ್ಸನ್ ಕಾಯಿಲೆ ಎಂದು ಮನೆಯವರು ಹೆದರಿ ಹೋಗಿದ್ದರು. ಮಾತ್ರೆ ಕವರ್ ತೆಗೆದು ಮೇಜಿನ ಮೇಲೆ ಸುರಿಯಿರಿ ಎಂದೆ. ಮೊದಲ ಸ್ಟ್ರಿಪ್ ಟ್ರಮಡಾಲ್. ಅದರಿಂದ ವಾಂತಿ ಬಂತೆಂದು ಮೆಟೊಕ್ಲೊಪ್ರಮೈಡ್. ತಲೆ ಸುತ್ತುತ್ತದೆ ಎಂದಾಗ ಸಿನ್ನರಿಜಿನ್. ಕೈ ನಡುಗಲು ಶುರುವಾದಾಗ ನಡುಕದ ಮಾತ್ರೆ. ವಾಂತಿಗೆ ಒಬ್ಬರು, ತಲೆಸುತ್ತಿಗೆ ಇನ್ನೊಬ್ಬರು, ನಡುಕಕ್ಕೆ ಮತ್ತೊಬ್ಬರು ಬರೆದಿದ್ದರು. ಎಲ್ಲ ಸ್ಟ್ರಿಪ್‌ಗಳನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ನಡುಕ ತಂದದ್ದು ಟ್ರಮಡಾಲ್ ಅಲ್ಲ, ಅದರ ಹಿಂದೆ ಬಂದ ಎರಡು ಮಾತ್ರೆಗಳು. ಮೆಟೊಕ್ಲೊಪ್ರಮೈಡ್ ಮತ್ತು ಸಿನ್ನರಿಜಿನ್ ಎರಡೂ ಮೆದುಳಿನಲ್ಲಿ ಡೋಪಮಿನ್, ಅಂದರೆ ಕೈಕಾಲಿನ ಚಲನೆಯನ್ನು ಹತೋಟಿಯಲ್ಲಿಡುವ ರಾಸಾಯನಿಕದ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ವಯಸ್ಸಾದಂತೆ, ಅದರಲ್ಲೂ ಹೆಂಗಸರಲ್ಲಿ, ಈ ತೊಂದರೆ ಜಾಸ್ತಿ. ಮೆಟೊಕ್ಲೊಪ್ರಮೈಡ್ ತಿಂಗಳುಗಟ್ಟಲೆ ತಗೊಂಡರೆ ಬಾಯಿ, ನಾಲಿಗೆ ತಾನಾಗಿಯೇ ಆಡುವ ತೊಂದರೆ ಬರಬಹುದು. ಕೆಲವರಲ್ಲಿ ಮಾತ್ರೆ ಬಿಟ್ಟರೂ ಅದು ಹೋಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಕರು 2009ರಲ್ಲೇ, 12 ವಾರ ದಾಟಿ ಕೊಡಬೇಡಿ ಎಂದು ಎಚ್ಚರಿಸಿದ್ದಾರೆ. ಯುರೋಪಿನವರು 2013ರಲ್ಲಿ ಅದನ್ನು 5 ದಿನಕ್ಕೆ ಇಳಿಸಿದರು. ನಮ್ಮಲ್ಲಿ ಹಳೇ ಚೀಟಿ ತೋರಿಸಿ ಅದನ್ನೇ ಮತ್ತೆ ಮತ್ತೆ ತರುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಆ ಹೆಂಗಸಿನ ನಡುಕ ಮಾತ್ರೆ ನಿಲ್ಲಿಸಿದ ಮೇಲೆ ಇಳಿಯಿತು. ಆದರೆ ಪೂರ್ತಿ ಇಳಿಯಲು ತಿಂಗಳುಗಳೇ ಬೇಕಾದವು.

ಟ್ರಮಡಾಲ್ ನೇರವಾಗಿ ಮಾಡುವ ತೊಂದರೆಯೂ ಇದೆ. ಅದು ನೋವು ತಗ್ಗಿಸುವುದರ ಜೊತೆಗೆ ಮೆದುಳಿನ ಇನ್ನೊಂದು ರಾಸಾಯನಿಕ ಸೆರೊಟೋನಿನ್ ಅನ್ನೂ ಏರಿಸುತ್ತದೆ. ನಲವತ್ತೈದು, ಐವತ್ತರ ವಯಸ್ಸಿನಲ್ಲಿ ಮುಟ್ಟು ನಿಲ್ಲುವಾಗ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಅದಕ್ಕೆಂದು ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಡ್ಯುಲೊಕ್ಸೆಟಿನ್‌ನಂಥ ಮಾತ್ರೆ ಕೊಡುತ್ತಾರೆ. ಅವೂ ಸೆರೊಟೋನಿನ್ ಏರಿಸುವಂಥವೇ. ಮಳೆಗಾಲದ ಕೆಮ್ಮಿಗೆ ಕುಡಿಯುವ ಡೆಕ್ಸ್ಟ್ರೊಮೆಥಾರ್ಫಾನ್ ಸಿರಪ್ ಕೂಡ ಇದಕ್ಕೆ ಕೈ ಜೋಡಿಸುತ್ತದೆ. ಹೀಗೆ ಸೆರೊಟೋನಿನ್ ಅತಿಯಾದರೆ ಕಾಲು ಅದುರುತ್ತದೆ, ಮೈ ಬೆವರುತ್ತದೆ, ಎದೆ ಡವಡವ ಎನ್ನುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಆ ವಯಸ್ಸಿನಲ್ಲಿ ಬೆವರು, ಚಡಪಡಿಕೆ ಅಂದರೆ ಮನೆಯವರಿಗೂ ಡಾಕ್ಟರಿಗೂ ಮೊದಲು ಹೊಳೆಯುವುದು ಮುಟ್ಟಿನ ವಿಷಯವೇ ಅಲ್ವಾ? ಒಂದು ವ್ಯತ್ಯಾಸ ಗಮನಿಸಿ. ಮುಟ್ಟು ನಿಲ್ಲುವಾಗಿನ ಬಿಸಿ ಕೆಲವು ನಿಮಿಷ ಇದ್ದು ಇಳಿದುಹೋಗುತ್ತದೆ, ಅದರಲ್ಲಿ ಕಾಲು ಅದುರುವುದಿಲ್ಲ. ಹೊಸ ಮಾತ್ರೆ ಸೇರಿಸಿದ ಅಥವಾ ಡೋಸ್ ಏರಿಸಿದ ಒಂದು ದಿನದೊಳಗೆ ಇದೆಲ್ಲ ಶುರುವಾದರೆ ಅದು ಔಷಧದ್ದೇ ಇರಬಹುದು. ಟ್ರಮಡಾಲ್‌ನಿಂದ ಫಿಟ್ಸ್ ಕೂಡ ಬರಬಹುದು. ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಅಪಾಯ ಜಾಸ್ತಿ, ಮೊದಲೇ ಫಿಟ್ಸ್ ಇದ್ದವರಿಗೆ ಕಡಿಮೆ ಡೋಸಿನಲ್ಲೂ ಅಪಾಯವೇ.

ಇನ್ನು ಕೆಲವರಿಗೆ ನಿದ್ದೆ ಹತ್ತುವಾಗ ಮೈ ಬೆಚ್ಚಿಬೀಳುತ್ತದೆ, ಕೈಲಿದ್ದ ಲೋಟ ಇದ್ದಕ್ಕಿದ್ದಂತೆ ಜಾರುತ್ತದೆ. ಇಂಥವರಲ್ಲಿ ನಾನು ಮೊದಲು ಕೇಳುವುದು ಕಿಡ್ನಿ ಪರೀಕ್ಷೆ, ಕ್ರಿಯೇಟಿನಿನ್. ಶುಗರ್, ಬಿಪಿ ಇರುವವರು ವರ್ಷಗಟ್ಟಲೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿದ್ದರೆ ಕಿಡ್ನಿ ಸೋತಿರಬಹುದು. ಆಗ ಒಪಿಯಾಯ್ಡ್ ಮೈಯಲ್ಲಿ ಉಳಿದು ಸೇರುತ್ತಾ ಹೋಗುತ್ತದೆ. ಡೋಸ್ ತಗ್ಗಿಸಬೇಕು, ಅಥವಾ ಬೇರೆ ಔಷಧಕ್ಕೆ ಬದಲಿಸಬೇಕು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವವರಲ್ಲೂ ಹೀಗಾಗುತ್ತದೆ. ಅವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ: ಹೆದರಿ ಮಾರ್ಫಿನ್ ಬಿಡಬೇಡಿ. ಡಾಕ್ಟರಿಗೆ ಹೇಳಿದರೆ ಇದನ್ನು ಸರಿಮಾಡಬಹುದು. ಆ ನೋವನ್ನು ಹಲ್ಲು ಕಚ್ಚಿ ಸಹಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಬೀಳುವುದಂತೂ ಮಲೆನಾಡಿನಲ್ಲಿ ದೊಡ್ಡ ಚಿಂತೆ. ಮಾತ್ರೆಯ ಮಂಪರಿನಲ್ಲಿ ರಾತ್ರಿ ಎದ್ದು ಪಾಚಿ ಕಟ್ಟಿದ ಅಂಗಳ ದಾಟಿ ಬಚ್ಚಲಿಗೆ ಹೋಗುತ್ತಾರೆ. ಮುಟ್ಟು ನಿಂತ ಮೇಲೆ ಮೂಳೆಯೂ ಸವೆದಿರುತ್ತದೆ. ಮಣಿಕಟ್ಟು ಮುರಿದುಕೊಂಡು ಬರುವವರಿಗೆ "ರಾತ್ರಿ ಏನು ಮಾತ್ರೆ ತಗೊಂಡ್ರಿ" ಎಂದು ಕೇಳಲೇಬೇಕು.

ಇಷ್ಟೆಲ್ಲ ಓದಿ ಯಾರೂ ಮಾತ್ರೆಯನ್ನು ಇವತ್ತೇ ಬಿಸಾಡಬೇಡಿ. ವಾರಗಟ್ಟಲೆ ತಗೊಂಡ ಟ್ರಮಡಾಲ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಆಕಳಿಕೆ, ಬೆವರು, ನಿದ್ದೆಗೇಡು ಬರುತ್ತದೆ. ರಾತ್ರಿಯೆಲ್ಲ ಕಾಲು ಸೆಳೆದು ಒದ್ದಾಡುವಂತಾಗುತ್ತದೆ. ಮೊದಲೇ ರಕ್ತಸ್ರಾವ ಜಾಸ್ತಿಯಾಗಿ ಕಬ್ಬಿಣದಂಶ ಕಡಿಮೆ ಇರುವವರಿಗೆ ಈ ಕಾಲಿನ ಕಾಟ ಇನ್ನೂ ಕಷ್ಟ. ಆದ್ದರಿಂದ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ, ಮೈಯಲ್ಲಿರುವ ಕಬ್ಬಿಣದಂಶ ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಆದರೆ ಜ್ವರ ಏರಿ, ಕಾಲು ಸೆಟೆದು ಅದುರುತ್ತಾ, ಮಾತು ತಡವರಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮುಂದಿನ ಡೋಸ್ ಕೊಡದೆ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಕೆಮ್ಮಿನ ಸಿರಪ್ ಬಾಟಲಿಯನ್ನೂ ಕವರ್‌ಗೆ ಹಾಕಿಕೊಂಡು ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.