ಮಂಗಳದಲ್ಲಿ ಮನೆ ಮಾಡಿದರೆ ಉಸಿರಾಡಲು ಗಾಳಿ ಎಲ್ಲಿಂದ?

ಪ್ರಶ್ನೆ: ಮಂಗಳ ಗ್ರಹದಲ್ಲಿ ಜನ ಊರು ಕಟ್ಟಿಕೊಂಡು ಇರಬಹುದು ಅಂತಾರೆ. ಅಲ್ಲಿ ಉಸಿರಾಡಲು ಗಾಳಿಯೇ ಇಲ್ಲವಲ್ಲ, ಒಂದಷ್ಟು ಗಿಡ ಬೆಳೆಸಿಕೊಂಡರೆ ಸಾಕಾ? ಅಷ್ಟು ಕಷ್ಟಪಟ್ಟು ಹೋದರೆ ಲಾಭವಾದರೂ ಏನು?

ಉತ್ತರ: ಗಾಳಿ ಇದೆ, ನಮಗೆ ಆಗಿಬರುವಂಥದ್ದಲ್ಲ. ಅದರ ಒತ್ತಡ ನಮ್ಮಲ್ಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಇರುವುದರಲ್ಲಿ ಶೇ 95ರಷ್ಟು ಕಾರ್ಬನ್ ಡೈಆಕ್ಸೈಡ್. ಅದನ್ನೇ ಒಡೆದು ಆಕ್ಸಿಜನ್ ತೆಗೆಯಬಹುದು. ಮಂಗಳದ ನೆಲದ ಮೇಲೆ ಓಡಾಡುವ ನಾಸಾದ ಯಂತ್ರಗಾಡಿ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಯಂತ್ರ 2021ರಿಂದ 2023ರವರೆಗೆ ಇದನ್ನು ಮಾಡಿ ತೋರಿಸಿತು. 16 ಸಲ ಓಡಿಸಿದಾಗ ಸಿಕ್ಕಿದ್ದು ಒಟ್ಟು 122 ಗ್ರಾಂ. ಒಬ್ಬರಿಗೆ ದಿನಕ್ಕೆ ಬೇಕಾದ್ದು ಸುಮಾರು 840 ಗ್ರಾಂ. ಅಂದರೆ ಮೂರೂವರೆ ಗಂಟೆಯ ಉಸಿರು! ನಗಬೇಡಿ, ಅದು ಪ್ರಯೋಗಕ್ಕೆಂದು ಕಳಿಸಿದ ಪುಟ್ಟ ಪೆಟ್ಟಿಗೆ. ದೊಡ್ಡದು ಮಾಡಿದರೆ ಜಾಸ್ತಿ ಬರುತ್ತದೆ.

ಗಿಡಗಳ ಕಥೆ ಬೇರೆ. ಅದನ್ನು ಭೂಮಿಯಲ್ಲೇ ಮಾಡಿ ನೋಡಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ಗಾಜಿನ ಕಟ್ಟಡವಿದೆ, ಸುಮಾರು ಮೂರು ಎಕರೆಯದು. 1991ರಲ್ಲಿ ಎಂಟು ಜನ ಒಳಗೆ ಹೋಗಿ, ಹೊರಗಿನ ಗಾಳಿ ಬಾರದ ಹಾಗೆ ಬಾಗಿಲು ಮುಚ್ಚಿಕೊಂಡರು. ಬಾಳೆ, ಪಪ್ಪಾಯ, ಗೆಣಸು ಎಲ್ಲ ಬೆಳೆದರು. ಆದರೆ 16 ತಿಂಗಳಲ್ಲಿ ಆಕ್ಸಿಜನ್ ಶೇ 20.9ರಿಂದ 14.5ಕ್ಕೆ ಇಳಿಯಿತು. ಎತ್ತರದ ಬೆಟ್ಟದ ಮೇಲೆ ಆಗುವ ಹಾಗೆ ಸುಸ್ತು, ಏದುಸಿರು. ಯಾಕೆ ಅಂದರೆ, ಗಿಡ ಚೆನ್ನಾಗಿ ಬರಲಿ ಅಂತ ಗೊಬ್ಬರ ಜಾಸ್ತಿ ಇರುವ ಮಣ್ಣು ಹಾಕಿದ್ದರು. ಅದರಲ್ಲಿದ್ದ ಸೂಕ್ಷ್ಮಜೀವಿಗಳು ಆಕ್ಸಿಜನ್ ಮುಗಿಸುತ್ತಾ ಬಂದವು. ಅವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಗಿಡಗಳಿಗೆ ಸಿಕ್ಕಿದ್ದರೆ ಆಕ್ಸಿಜನ್ ಆಗಿ ವಾಪಸ್ ಬರುತ್ತಿತ್ತು. ಅದರಲ್ಲಿ ದೊಡ್ಡ ಪಾಲನ್ನು ಗೋಡೆಯ ಕಾಂಕ್ರೀಟ್ ಹೀರಿಕೊಂಡಿತ್ತು! ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಕ್ಸಿಜನ್ ತಂದು ತುಂಬಿದರು. ಮಂಗಳದಲ್ಲಿ ಹೊರಗಿನಿಂದ ಅಂದರೆ ಭೂಮಿಯಿಂದ. ರಾಕೆಟ್ ಬಿಡಲು ಸರಿಯಾದ ಸಮಯ ಬರುವುದೇ 26 ತಿಂಗಳಿಗೊಮ್ಮೆ, ದಾರಿಯಲ್ಲೇ ಏಳೆಂಟು ತಿಂಗಳು.

ಅಲ್ಲಿನ ಮಣ್ಣನ್ನು ಹಾಗೇ ಬಳಸುವಂತೆಯೂ ಇಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಅದರಲ್ಲಿ ಪರ್ಕ್ಲೋರೇಟ್ ಲವಣ ಪತ್ತೆ ಮಾಡಿತು. ಥೈರಾಯ್ಡ್‌ಗೆ ಅದು ಆಗದು. ಇನ್ನು ಬಾಹ್ಯಾಕಾಶದಿಂದ ಬರುವ ವಿಕಿರಣ. ನಮಗೆ ಇಲ್ಲಿ ಪ್ರಕೃತಿಯಿಂದ ಒಂದು ವರ್ಷಕ್ಕೆ ತಗಲುವಷ್ಟು ಅಲ್ಲಿನ ಬಯಲಲ್ಲಿ ನಾಲ್ಕೇ ದಿನಕ್ಕೆ ತಗಲುತ್ತದೆ. ಹಾಗಾಗಿ ಮನೆ ಅಂದರೆ ನೆಲದಡಿಯ ಬಿಲ ಅಂತಲೇ ಅಂದುಕೊಳ್ಳಿ.

ಲಾಭ? 'ಭೂಮಿ ಹಾಳಾದರೆ ಇನ್ನೊಂದು ಮನೆ' ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಎಷ್ಟೇ ಕೆಟ್ಟರೂ ಭೂಮಿಯಲ್ಲಿ ಉಸಿರಾಡಬಹುದು. ಗಾಳಿ, ನೀರನ್ನು ಶುದ್ಧ ಮಾಡಿ ಮತ್ತೆ ಮತ್ತೆ ಬಳಸುವುದನ್ನು ಕಲಿಯುತ್ತೇವೆ, ಅದು ನಿಜ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರ, ಬೆವರು ಸೇರಿ ಶೇ 98ರಷ್ಟು ನೀರನ್ನು ಮತ್ತೆ ಪಡೆಯಬಹುದು ಅಂತ 2023ರಲ್ಲಿ ತೋರಿಸಿದ್ದಾರೆ. ಇನ್ನೊಂದು ದೊಡ್ಡ ಲಾಭ ಹುಡುಕಾಟದ್ದು. ಆಪರ್ಚುನಿಟಿ ರೋವರ್ 14 ವರ್ಷದಲ್ಲಿ ಹೋಗಿದ್ದು ಸುಮಾರು 45 ಕಿಲೋಮೀಟರ್. ಸುತ್ತಿಗೆ ಹಿಡಿದ ಭೂವಿಜ್ಞಾನಿ ಗಾಡಿಯಲ್ಲಿ ಹೋದರೆ ಕೆಲವು ದಿನಗಳಲ್ಲಿ ಅಷ್ಟು ದೂರ ಸುತ್ತಿ, ಬೇಕಾದ ಕಲ್ಲು ಆರಿಸಿ ತರಬಹುದು. ಆದರೆ ಅದಕ್ಕೆ ನಾಲ್ಕೈದು ಜನ ಹೋಗಿ ಬಂದರೂ ಆಯ್ತು. ಊರೇ ಕಟ್ಟಬೇಕು ಅಂತೇನಿಲ್ಲ, ಅಲ್ವಾ?