ಇಟ್ಟಿಗೆ ಕಲ್ಲು ಲ್ಯಾಟರೈಟ್ ಆದದ್ದು

ಕಾಸರಗೋಡಿನ ಕಡೆ ಗುಡ್ಡ ಕಡಿದು ರಸ್ತೆ ಮಾಡಿದಲ್ಲಿ ಒಮ್ಮೆ ನಿಂತು ನೋಡಿ. ಮೇಲೆ ಬಿಸಿಲಿಗೆ ಕರಿಗಟ್ಟಿದ ಪಾರೆ, ಅದರಡಿ ತೂತು ತೂತಾದ ಕೆಂಪು ಕಲ್ಲು, ಇನ್ನೂ ಕೆಳಗೆ ಜೇಡಿಮಣ್ಣು. ನಡುವಿನ ಆ ಕೆಂಪು ಕಲ್ಲೇ ನಮ್ಮ ಮುರಕಲ್ಲು. ಮಲಯಾಳದವರಿಗೆ ಚೆಂಗಲ್ಲು. ಬೇಕಲ ಕೋಟೆ ಎದ್ದದ್ದೂ ಇದರಲ್ಲೇ. ಭೂವಿಜ್ಞಾನದಲ್ಲಿ ಇದರ ಹೆಸರು ಲ್ಯಾಟರೈಟ್.

ಹೆಸರು ಲ್ಯಾಟಿನ್, ಹುಟ್ಟಿದ್ದು ಮಾತ್ರ ಮಲಬಾರಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿದ. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಈ ಕಲ್ಲಿನ ಬಗ್ಗೆ ವಿವರವಾಗಿ ಬರೆದುಕೊಂಡ. ನೆಲದೊಳಗಿರುವಾಗ ಮೆತ್ತಗೆ, ಪಿಕ್ಕಾಸಿನಿಂದ ಎಬ್ಬಿಸಿ, ದೊಡ್ಡ ಕತ್ತಿಯಲ್ಲೇ ಬೇಕಾದ ಆಕಾರಕ್ಕೆ ಕೆತ್ತಬಹುದು. ಹೊರಗೆ ಗಾಳಿಗೆ ಬಿದ್ದ ಮೇಲೆ ಬೇಗನೆ ಇಟ್ಟಿಗೆಯಷ್ಟು ಗಟ್ಟಿ. ಊರವರು ಇದನ್ನು 'ಇಟಿಕಾ ಕಲ್ಲು' ಅನ್ನುತ್ತಾರೆ ಅಂತಲೂ ಅವನು ದಾಖಲಿಸಿದ. ನಮ್ಮ ಇಟ್ಟಿಗೆ ಕಲ್ಲೇ ಅಲ್ವಾ! ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ 'ಲಾತೆರ್'. ಅದರಿಂದ ಲ್ಯಾಟರೈಟ್. 1807ರಲ್ಲಿ ಅವನ ಪ್ರವಾಸಕಥನ ಅಚ್ಚಾಯಿತು, ಹೆಸರು ಜಗತ್ತಿಗೆಲ್ಲ ಹಬ್ಬಿತು. ಶ್ರೇಯಸ್ಸಿನಲ್ಲಿ ಅರ್ಧವಾದರೂ ಕಲ್ಲು ಕಡಿಯುವವರಿಗೆ ಸಲ್ಲಬೇಕು ಅಂತ ನನ್ನ ಲೆಕ್ಕ.

ಗಟ್ಟಿಯಾಗುವುದು ಯಾಕೆ? ಜಾಸ್ತಿ ಮಳೆ, ಜಾಸ್ತಿ ಸೆಕೆ ಇರುವಲ್ಲಿ ಬಂಡೆ ಸಾವಿರಾರು, ಲಕ್ಷಾಂತರ ವರ್ಷ ನೆನೆದು ಕೊಳೆಯುತ್ತದೆ. ಸಿಲಿಕಾ, ಸುಣ್ಣ, ಪೊಟ್ಯಾಸಿಯಂ ನೀರಿನ ಜೊತೆ ತೊಳೆದುಹೋಗುತ್ತವೆ. ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಕೆಂಪು ಬಣ್ಣ ಕಬ್ಬಿಣದ್ದು. ಹಸಿ ಕಲ್ಲು ಒಣಗುವಾಗ ಈ ಕಬ್ಬಿಣದ ಸಂಯುಕ್ತಗಳು ನೀರು ಕಳೆದುಕೊಂಡು ಹರಳುಗಟ್ಟಿ, ಕಣಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಮತ್ತೆ ನೆನೆಸಿದರೂ ಅದು ಮೊದಲಿನಂತೆ ಮೆತ್ತಗಾಗದು. ನಮ್ಮ ಕಡೆಯ ಸುರಂಗಗಳಿಗೆ ಹೆಚ್ಚಾಗಿ ಕಟ್ಟೋಣ ಬೇಡದೆ ಇರುವುದಕ್ಕೂ ಈ ಕಲ್ಲಿನ ಗುಣವೇ ಕಾರಣ. ಗುಡ್ಡಕ್ಕೆ ಅಡ್ಡಡ್ಡ ಕೊರೆದು ನೀರು ಹಿಡಿಯುವ ಆ ಬಿಲಕ್ಕೆ ಮುರವೇ ಗೋಡೆ, ಮುರವೇ ಮಾಡು.

ಬುಕಾನನ್ ಇಟ್ಟ ಹೆಸರು ಆಮೇಲೆ ಅಂಕೆ ತಪ್ಪಿತು. ಕೆಂಪಗೆ ಕಂಡ ಉಷ್ಣವಲಯದ ಮಣ್ಣಿಗೆಲ್ಲ ಸುಮ್ನೆ ಲ್ಯಾಟರೈಟ್ ಅನ್ನತೊಡಗಿದರು. ಕೊನೆಗೆ ಮಣ್ಣಿನ ವಿಜ್ಞಾನಿಗಳು, ಒಣಗಿದರೆ ಗಟ್ಟಿಯಾಗುವ ಆ ಹಸಿ ಪದರಕ್ಕೆ ಬೇರೆಯೇ ಹೆಸರಿಟ್ಟರು: ಪ್ಲಿಂಥೈಟ್. ಗ್ರೀಕಿನ 'ಪ್ಲಿಂಥೋಸ್' ಅದರ ಮೂಲ. ಅರ್ಥ, ಮತ್ತದೇ ಇಟ್ಟಿಗೆ.