ಗಡಿ ಮುಚ್ಚಿದಾಗ ಸರ್ಜರಿ ಕಲಿತದ್ದು ಹೇಗೆ?

ಸರ್ಜರಿಯ ಅಂತರರಾಷ್ಟ್ರೀಯ ತರಬೇತಿ ಎಂದರೆ ಬಹುಕಾಲ ನಡೆದದ್ದು ಇಷ್ಟು: ಶ್ರೀಮಂತ ದೇಶದ ಸರ್ಜನ್ನರ ತಂಡ ಒಂದೆರಡು ವಾರ ಬಂದು, ಸೀಳುತುಟಿಯಂಥವನ್ನು ಸರಿಪಡಿಸಿ, ಮರಳುವುದು. ರೋಗಿಗಳಿಗೆ ಉಪಕಾರವಾಯಿತು, ನಿಜ; ಆದರೆ ಅಲ್ಲಿನ ವೈದ್ಯರ ಕೈ ಅಷ್ಟಾಗಿ ಪಳಗಲಿಲ್ಲ. 1999ರಲ್ಲಿ ಹುಟ್ಟಿದ ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ಸರ್ಜನ್ನರ ಕಾಲೇಜು ಬೇರೆ ದಾರಿ ಹಿಡಿಯಿತು. ಮಾನ್ಯತೆ ಪಡೆದ ಆಸ್ಪತ್ರೆಗಳೇ ಅದರ ತರಗತಿ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಈ ಕೆಲಸ ಎಷ್ಟು ಬಾಕಿಯಿದೆ ಎಂಬುದನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2015ರ ಆಯೋಗ ಲೆಕ್ಕ ಹಾಕಿತು: ಸುರಕ್ಷಿತ ಶಸ್ತ್ರಚಿಕಿತ್ಸೆ ಎಟುಕದವರು 500 ಕೋಟಿ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಪಿಡುಗು ಎಂದಿತು. ವಿಮಾನ ನಿಂತದ್ದು ಎಲ್ಲರ ಕಣ್ಣಿಗೂ ಬಿತ್ತು. ಅದಕ್ಕಿಂತ ದೊಡ್ಡ ಪೆಟ್ಟು, ತುರ್ತಲ್ಲದ ಆಪರೇಷನ್‌ಗಳ ಮುಂದೂಡಿಕೆ. ಹೊಸಬರು ಕೈ ಕುದುರಿಸಿಕೊಳ್ಳುವುದೇ ಹರ್ನಿಯಾ, ಪಿತ್ತಕೋಶದಂಥ ಕೇಸುಗಳಲ್ಲಿ. ಆನ್‌ಲೈನ್ ಉಪನ್ಯಾಸ ಈ ಕೊರತೆ ತುಂಬುವಂಥದ್ದಲ್ಲ.

ಆಗ ನೆರವಾದದ್ದು ಬಾಕ್ಸ್ ಟ್ರೈನರ್ ಎಂಬ ಅಭ್ಯಾಸದ ಡಬ್ಬಿ. ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಉಪಕರಣಕ್ಕೆ ಎರಡು ತೂತು, ಒಳಗೊಂದು ಎಲ್‌ಇಡಿ ದೀಪ, ಮೇಲೆ ಫೋನ್ ಕ್ಯಾಮೆರಾ. ಲ್ಯಾಪ್ರೊಸ್ಕೋಪಿ ಎಂದರೆ ಹೊಟ್ಟೆಯ ಸಣ್ಣ ತೂತುಗಳಿಂದ, ಕ್ಯಾಮೆರಾ ಚಿತ್ರ ನೋಡುತ್ತ ಮಾಡುವ ಸರ್ಜರಿ; ಅದರ ಮೂಲ ಕೌಶಲಗಳ ಪರೀಕ್ಷೆಯಾದ ಎಫ್‌ಎಲ್‌ಎಸ್‌ನ ಗಂಟನ್ನೇ ನೋಡಿ: 15 ಸೆಂ.ಮೀ. ದಾರ, ಮೊದಲು ಎರಡು ಸುತ್ತಿನ ಗಂಟು, ಮೇಲೆ ಒಂದೊಂದು ಸುತ್ತಿನ ಎರಡು. ಹೆಚ್ಚಿನವರು ಎಡವುವುದು ದಾರದ ಬಾಲದಲ್ಲಿ, ಅಂದರೆ ಸೂಜಿಯಿಲ್ಲದ ತುದಿಯಲ್ಲಿ. ಅದನ್ನು ಉದ್ದ ಬಿಟ್ಟರೆ ಕುಣಿಕೆಯಿಂದ ಪೂರ್ತಿ ಹೊರಬರುವುದಿಲ್ಲ, ಗಂಟು ಸಡಿಲ. ತೀರ ಗಿಡ್ಡವಾದರೆ ದಾರವೇ ಜಾರಿಹೋಗುತ್ತದೆ.

ಈ ತಪ್ಪು ದೂರದ ಗುರುವಿಗೆ ಕಾಣಬೇಕಾದರೆ ಫೋನಿನ ಆಟೋಫೋಕಸ್ ಲಾಕ್ ಆಗಿರಬೇಕು. ಇಲ್ಲವೆಂದರೆ ಉಪಕರಣ ಅಲುಗಿದಾಗಲೆಲ್ಲ ಚಿತ್ರ ಮಸುಕು. ನೇರಪ್ರಸಾರಕ್ಕಿಂತ ರೆಕಾರ್ಡ್ ಮಾಡಿ ಕಳಿಸುವುದೇ ಮೇಲು. ನೆಟ್‌ವರ್ಕ್ ಕೈಕೊಟ್ಟರೂ ಪಾಠ ಕೆಡದು, ಹಗಲು-ರಾತ್ರಿಯ ವ್ಯತ್ಯಾಸವೂ ಕಾಡದು, 'ಇಂತಿಷ್ಟನೇ ಸೆಕೆಂಡಿನಲ್ಲಿ ಸೂಜಿ ತಿರುಗಿತು' ಎಂದು ಗುರು ಬೆರಳಿಟ್ಟು ಹೇಳಬಹುದು. 2001ರಲ್ಲಿ ಸರ್ಜನ್ನರು ನ್ಯೂಯಾರ್ಕ್‌ನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ರೋಗಿಯ ಪಿತ್ತಕೋಶವನ್ನು ರೋಬಾಟ್ ಮೂಲಕ ತೆಗೆದದ್ದು ಅದಕ್ಕೆಂದೇ ಮೀಸಲಿಟ್ಟ ಫೈಬರ್ ಲೈನಿನಲ್ಲಿ. ಗಂಟು ಕಲಿಸಲು ಆ ವೈಭವ ಬೇಕಿಲ್ಲ. ಆಪರೇಷನ್ ಥಿಯೇಟರಿನ ವಿಡಿಯೊ ಕಳಿಸುವುದಾದರೆ ಮಾತ್ರ ರೋಗಿಯ ಲಿಖಿತ ಒಪ್ಪಿಗೆ ಬೇಕೇ ಬೇಕು, ರೋಗಿಯ ಹೆಸರು ಎಲ್ಲೂ ಇಣುಕಬಾರದು.

ಡಬ್ಬಿಯಲ್ಲಿ ರಕ್ತ ಬರುವುದಿಲ್ಲ, ಅಂಗಾಂಶ ಹರಿಯುವುದಿಲ್ಲ. ಅದನ್ನು ಕಲಿಸಲು ಟೇಬಲ್ಲಿನ ಎದುರು ಬದಿಯಲ್ಲಿ ಹಿರಿಯ ಸರ್ಜನ್ ನಿಂತಿರಲೇಬೇಕು. ಅಂಥವರು ಊರಲ್ಲೇ ಇದ್ದ ಕಡೆ, ಆಪರೇಷನ್ ಪಟ್ಟಿ ಮತ್ತೆ ತೆರೆದ ದಿನವೇ ತರಬೇತಿಯೂ ಶುರುವಾಗಬಹುದಿತ್ತು. ಉಳಿದ ಕಡೆ ವೀಸಾಕ್ಕೆ ಕಾಯಬೇಕಿತ್ತು.